ದೆವ್ವದ ಹೆಸರೆತ್ತದ ದೆವ್ವದ ಕಥೆ: ಕ್ರೈಂ ವರದಿಯ ರೂಪದಲ್ಲಿ ಬರೆಯುವ ಬಗೆ

ಫ್ಯಾಕ್ಟರಿಯಲ್ಲಿ ದೆವ್ವ ಇದೆ ಎಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಓದುಗ ಆರಾಮಾಗಿ ಒರಗಿ ಕೂರುತ್ತಾನೆ. ಇದು ಕಥೆ ಎಂದು ಅವನಿಗೆ ಖಾತ್ರಿಯಾಗುತ್ತದೆ. ಅದೇ ಫ್ಯಾಕ್ಟರಿಯ ಒಂದು ಸಾವಿನ ಬಗ್ಗೆ ವರದಿಗಾರನೊಬ್ಬ ಶಿಫ್ಟ್ ರಿಜಿಸ್ಟರು, ಅಲಾರಂ ದಾಖಲೆ, ಇಬ್ಬರ ಹೇಳಿಕೆ ಇಷ್ಟನ್ನೇ ಮುಂದಿಟ್ಟು ಸುಮ್ಮನಾದರೆ ಓದುಗ ತಾನೇ ಲೆಕ್ಕ ಹಾಕಲು ಶುರು ಮಾಡುತ್ತಾನೆ. ಈ ಬಗೆಯ ಬರವಣಿಗೆಯ ಗುಟ್ಟು ಇಷ್ಟೇ: ಪ್ರತಿಯೊಂದು ಕಾಗದಕ್ಕೂ ಬಿಡಿಯಾಗಿ ಒಂದು ಸಹಜ ವಿವರಣೆ ಇರಬೇಕು, ಆದರೆ ಎರಡು ಕಾಗದಗಳ ವಿವರಣೆಯನ್ನು ಒಟ್ಟಿಗೆ ನಂಬುವುದು ಕಷ್ಟವಾಗಬೇಕು. ಭಯ ಆ ಎರಡರ ನಡುವೆ ಇರುತ್ತದೆ. ವರದಿಗಾರ ಅದನ್ನು ಮುಟ್ಟುವ ಹಾಗಿಲ್ಲ.

ಸುಮಾರು ಮೂರು ಸಾವಿರ ಪದಗಳ ಕಥೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ. ಇದಕ್ಕಿಂತ ಉದ್ದವಾದರೆ ವರದಿಯ ವೇಷ ಸಡಿಲವಾಗುತ್ತದೆ. ಸಾವಿರಕ್ಕಿಂತ ಕಡಿಮೆಯಾದರೆ ದಾಖಲೆಗಳ ಮೇಲೆ ನಂಬಿಕೆ ಹುಟ್ಟುವುದಕ್ಕೆ ಜಾಗ ಸಾಲದು.

ಮೊದಲು ಜಾಗ, ಆಮೇಲೆ ಸಾವು

ಪಾಳು ಬಂಗಲೆಯಲ್ಲಿರುವ ಆಫೀಸು, ಸ್ಮಶಾನದ ಮೇಲೆ ಕಟ್ಟಿದ ಕಾಲ್ ಸೆಂಟರ್ ಇವನ್ನೆಲ್ಲ ಬಿಟ್ಟುಬಿಡಿ. ಜಾಗಕ್ಕೆ ಮೂರು ಗುಣ ಇದ್ದರೆ ಸಾಕು. ರಾತ್ರಿ ಕಡಿಮೆ ಜನ ಇರಬೇಕು. ಯಂತ್ರಗಳು ತಮ್ಮಷ್ಟಕ್ಕೆ ದಾಖಲೆ ಬರೆದಿಡುತ್ತಿರಬೇಕು. ಆ ಜಾಗಕ್ಕೆ ತನ್ನದೇ ಆದ ಸದ್ದು ಮತ್ತು ದಿನಚರಿ ಇರಬೇಕು. ವಿದ್ಯುತ್ ಸಬ್‌ಸ್ಟೇಷನ್, ಆಸ್ಪತ್ರೆಯ ಲಾಂಡ್ರಿ, ಪತ್ರಿಕೆಯ ಪ್ರಿಂಟಿಂಗ್ ಪ್ರೆಸ್, ಸರ್ವರ್ ರೂಮು ಎಲ್ಲವೂ ಆಗುತ್ತವೆ. ಇಲ್ಲಿ ಉದಾಹರಣೆಗೆ ಒಂದು ಕೋಲ್ಡ್ ಸ್ಟೋರೇಜ್ ತೆಗೆದುಕೊಳ್ಳೋಣ. ಹೆಪ್ಪುಗಟ್ಟಿದ ಸರಕನ್ನು ಸಾಮಾನ್ಯವಾಗಿ ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ, ಹಾಗಾಗಿ ಅಂಥ ಕೋಣೆಯ ಬಾಗಿಲೇ ಅಪಾಯದ ವಸ್ತು.

ಬರೆಯುವ ಮೊದಲು ಆ ಜಾಗ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ. ಭಯದ ಸಾಮಾನೆಲ್ಲ ಅಲ್ಲೇ ಸಿಗುತ್ತದೆ, ಕಲ್ಪಿಸಿಕೊಳ್ಳಬೇಕಾಗಿಲ್ಲ. ಶೀತಲ ಕೋಣೆಯ ಕೂಲಿಂಗ್ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ದಿನಕ್ಕೆ ಕೆಲವು ಬಾರಿ ಡಿಫ್ರಾಸ್ಟ್ ಓಡುತ್ತದೆ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ. ಆ ಹೊತ್ತಿನಲ್ಲಿ ಫ್ಯಾನುಗಳು ನಿಲ್ಲುತ್ತವೆ. ಇಡೀ ರಾತ್ರಿ ಕಿವಿಯಲ್ಲಿದ್ದ ಮೊರೆತ ಒಮ್ಮೆಲೇ ನಿಂತು, ಹಿಮ ಸೀಳುವ ಟಕ್ ಟಕ್ ಸದ್ದು, ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತದೆ. ನೀರು ಇಳಿದು ಕಾಯಿಲ್ ಮತ್ತೆ ತಣ್ಣಗಾಗುವವರೆಗೆ ಫ್ಯಾನು ಶುರುವಾಗುವುದಿಲ್ಲ.

ಬಾಗಿಲಿನದು ಇನ್ನೂ ಚೆನ್ನಾಗಿದೆ. ಬಾಗಿಲು ತೆರೆದಾಗ ಹೊರಗಿನ ಬೆಚ್ಚಗಿನ ಗಾಳಿ ಒಳಗೆ ನುಗ್ಗುತ್ತದೆ. ಬಾಗಿಲು ಮುಚ್ಚಿದ ಮೇಲೆ ಆ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ತಕ್ಷಣ ಮತ್ತೆ ತೆರೆಯಲು ಹೋದರೆ ಒಳಗಿನಿಂದ ಯಾರೋ ಹಿಡಿದೆಳೆದಂತೆ ಬಾಗಿಲು ಅಂಟಿಕೊಂಡಿರುತ್ತದೆ. ಇದನ್ನು ತಪ್ಪಿಸಲು ಒತ್ತಡ ಸಮ ಮಾಡುವ ಕವಾಟ ಇಟ್ಟಿರುತ್ತಾರೆ, ಅದಕ್ಕೆ ಹಿಮ ಕಟ್ಟದಿರಲಿ ಎಂದು ಪುಟ್ಟ ಹೀಟರ್ ಕೂಡ ಇರುತ್ತದೆ. ಹೀಟರ್ ಕೆಟ್ಟರೆ ಕವಾಟ ಮುಚ್ಚಿಕೊಳ್ಳುತ್ತದೆ. ಇನ್ನು ಒಳಗೆ ಸಿಕ್ಕಿಕೊಂಡವರಿಗಾಗಿ ಬಾಗಿಲಿಗೆ ಒಳಗಿನಿಂದ ತೆರೆಯುವ ಹಿಡಿ, ಗೋಡೆಯಲ್ಲಿ ಅಲಾರಂ ಗುಂಡಿ. ಬಿದ್ದವರಿಗೂ ಕೈಗೆಟುಕಲಿ ಎಂದು ಆ ಗುಂಡಿಯನ್ನು ತಗ್ಗಿನಲ್ಲಿ ಇಡುವುದುಂಟು. ಈ ಒಂದು ವಿವರ ಸಾಕು, ಕಥೆ ಅರ್ಧ ಬರೆದಂತೆ.

ಗಂಟೆಪಟ್ಟಿ

ಒಂದು ವಾಕ್ಯವನ್ನೂ ಬರೆಯದೆ ಮೊದಲು ಗಂಟೆಪಟ್ಟಿ ಮಾಡಿ. ಎಡಗಡೆ ನಿಜಕ್ಕೂ ನಡೆದದ್ದು, ಬಲಗಡೆ ಯಾವ ದಾಖಲೆ ಏನು ಹೇಳುತ್ತದೆ ಎನ್ನುವುದು. ನಮ್ಮ ಉದಾಹರಣೆಯಲ್ಲಿ ಹೀಗಿರಲಿ:

ರಾತ್ರಿ 10.00: ಪಾಳಿ ಬದಲು. ಆಪರೇಟರ್ ಒಬ್ಬರು, ಸೆಕ್ಯುರಿಟಿ ಗಾರ್ಡ್ ಒಬ್ಬರು.
1.40: ಮೂರನೇ ಕೋಣೆಯಲ್ಲಿ ಡಿಫ್ರಾಸ್ಟ್ ಶುರು, ಫ್ಯಾನ್ ಬಂದ್.
1.52: ಮೂರನೇ ಕೋಣೆಯ ಒಳಗಿನ ಅಲಾರಂ ಗುಂಡಿ ಒತ್ತಿದ ದಾಖಲೆ.
1.53: ಗಾರ್ಡ್ ಇಂಟರ್‌ಕಾಂನಲ್ಲಿ ಕಂಟ್ರೋಲ್ ರೂಮಿಗೆ ಕರೆ ಮಾಡುತ್ತಾರೆ. ಆಪರೇಟರ್ ಅಲ್ಲೇ ಇದ್ದು ಮಾತನಾಡುತ್ತಾರೆ.
1.58: ಗಾರ್ಡ್ ಬಾಗಿಲು ತೆರೆದು ನೋಡುತ್ತಾರೆ. ಒಳಗೆ ಯಾರೂ ಇಲ್ಲ. ಅಲಾರಂ ರೀಸೆಟ್.
2.31: ಆಪರೇಟರ್ ಕಾರ್ಡ್ ಉಜ್ಜಿ ಮೂರನೇ ಕೋಣೆಗೆ ಹೋಗುತ್ತಾರೆ.
ಬೆಳಿಗ್ಗೆ 6.10: ಅಲಾರಂ ಗುಂಡಿಯ ಕೆಳಗೆ ಆಪರೇಟರ್ ಶವ.

2.31ರ ನಂತರ ಅಲಾರಂ ಒಮ್ಮೆಯೂ ಹೊಡೆದಿಲ್ಲ. ಬೆಳಿಗ್ಗೆ ಪರೀಕ್ಷಿಸಿದಾಗ ಗುಂಡಿ ಸರಿಯಾಗಿದೆ. ಅಂದರೆ ಆ ರಾತ್ರಿ ಒಂದೇ ಒಂದು ಸಲ ಅಲಾರಂ ಆಗಿದೆ, ಅದೂ ಅದನ್ನು ಒತ್ತಬೇಕಾಗಿದ್ದ ಮನುಷ್ಯ ಒಳಗೆ ಹೋಗುವುದಕ್ಕಿಂತ ಮುಂಚೆ.

ಈಗ ವರದಿಗಾರ ಮಾಡಬೇಕಾದ ಕೆಲಸ ಅಲಾರಂ ಹೊತ್ತಿಗೂ ಆಪರೇಟರ್ ಒಳಗೆ ಹೋದ ಹೊತ್ತಿಗೂ ಇರುವ ವ್ಯತ್ಯಾಸವನ್ನು ಅಳಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸುವುದು. ಕಾರ್ಡ್ ವ್ಯವಸ್ಥೆಯ ಗಡಿಯಾರ ಬೇರೆ, ಅಲಾರಂ ಪ್ಯಾನೆಲ್‌ನ ಗಡಿಯಾರ ಬೇರೆ. ನೆಟ್‌ವರ್ಕ್‌ಗೆ ಜೋಡಿಸದ ಇಂಥ ಉಪಕರಣಗಳ ಗಡಿಯಾರ ತಿಂಗಳುಗಳಲ್ಲಿ ನಿಧಾನವಾಗಿ ಜಾರುವುದು ತೀರಾ ಸಾಮಾನ್ಯ. ಕಾರ್ಡ್ ಗಡಿಯಾರ 11 ನಿಮಿಷ ಮುಂದಿತ್ತು ಎಂದು ಪತ್ತೆಯಾಗಲಿ. ಹಾಗಾದರೆ ಆಪರೇಟರ್ ಒಳಗೆ ಹೋದದ್ದು 2.20ಕ್ಕೆ. ವ್ಯತ್ಯಾಸ 39ರಿಂದ 28 ನಿಮಿಷಕ್ಕೆ ಇಳಿಯಿತು. ಇಳಿಯಿತೇ ಹೊರತು ಅಳಿಯಲಿಲ್ಲ. ಒಂದು ತಿದ್ದುಪಡಿಯನ್ನು ಒಪ್ಪಿಕೊಂಡ ವರದಿಗಾರನನ್ನು ಓದುಗ ಆಮೇಲೆ ಪೂರ್ತಿ ನಂಬುತ್ತಾನೆ.

1.52ರ ಅಲಾರಂಗೂ ಕಾರಣ ಕೊಡಿ. ಡಿಫ್ರಾಸ್ಟ್ ನೀರು ಸ್ವಿಚ್ಚಿನೊಳಗೆ ಇಳಿದರೆ ಶಾರ್ಟ್ ಆಗಿ ಸುಳ್ಳು ಅಲಾರಂ ಬರುತ್ತದೆ, ಟೆಕ್ನಿಷಿಯನ್ ಹಾಗೆಂದೇ ಹೇಳಲಿ. 2.20ರ ನಂತರ ಅಲಾರಂ ಆಗದ್ದಕ್ಕೂ ಕಾರಣ ಕೊಡಿ: ಜಾರಿ ಬಿದ್ದು ಪ್ರಜ್ಞೆ ತಪ್ಪಿರಬಹುದು. ಎರಡೂ ಒಪ್ಪತಕ್ಕ ಮಾತುಗಳೇ. ಎರಡನ್ನೂ ಒಂದೇ ಪ್ಯಾರಾದಲ್ಲಿ ಮಾತ್ರ ಇಡಬೇಡಿ. ಮೊದಲನೆಯದು ಕಥೆಯ ಮೂರನೇ ಒಂದು ಭಾಗದಲ್ಲಿ, ಎರಡನೆಯದು ಕೊನೆಯ ಹತ್ತಿರ ಬರಲಿ. ಜೋಡಿಸುವ ಕೆಲಸ ಓದುಗನದು.

ಇಲ್ಲಿ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ: ಗುಂಡಿಯ ಮೇಲೆ ಒಡೆಯದ ಹಿಮದ ಪದರ ಇತ್ತು ಎಂದೋ, ಸಿಸಿಟಿವಿಯಲ್ಲಿ ನೆರಳೊಂದು ಕಂಡಿತು ಎಂದೋ ಸೇರಿಸುವ ಆಸೆ. ಸೇರಿಸಬೇಡಿ. ಹೊಂದದ ಸಂಗತಿ ಒಂದಿದ್ದರೆ ಓದುಗ ಅದನ್ನು ಬಿಡಿಸಲು ಹೆಣಗುತ್ತಾನೆ. ಎರಡಾದರೆ ಲೇಖಕನ ಕೈ ಕಾಣುತ್ತದೆ, ಮೂರಾದರೆ ಎದ್ದು ಹೋಗುತ್ತಾನೆ.

ಕಾಗದಪತ್ರಗಳು

ನಾಲ್ಕೈದು ದಾಖಲೆ ಸಾಕು. ಪ್ರತಿಯೊಂದರ ಬಗ್ಗೆಯೂ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಯಾರು ಬರೆದರು, ಯಾಕೆ ಬರೆದರು, ವರದಿಗಾರನ ಕೈಗೆ ಹೇಗೆ ಬಂತು. ಮೂರನೆಯದನ್ನು ಮರೆಯುವುದೇ ಈ ಪ್ರಕಾರದ ಅತಿ ಸಾಮಾನ್ಯ ದೋಷ. ಕಂಪನಿಯ ಒಳಗಿನ ಅಪಘಾತ ವರದಿ ತಾನಾಗಿ ಹೊರಗೆ ಬರುವುದಿಲ್ಲ. ಪರಿಹಾರಕ್ಕಾಗಿ ಕುಟುಂಬ ಹಾಕಿದ ದಾವೆಯಲ್ಲಿ ಸಲ್ಲಿಕೆಯಾಗಿರಬಹುದು, ವಿಮೆಯವರು ಕೇಳಿ ಪಡೆದಿರಬಹುದು, ಕೆಲಸ ಬಿಟ್ಟವರೊಬ್ಬರು ಕೊಟ್ಟಿರಬಹುದು. ಕೆಲಸದ ಜಾಗದ ಸಾವನ್ನು ಯಾರು ತನಿಖೆ ಮಾಡುತ್ತಾರೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ ಪೊಲೀಸರು, ಕೆಲವು ಕಡೆ ಕೊರೋನರ್ (ಅಸಹಜ ಸಾವಿನ ಕಾರಣ ವಿಚಾರಿಸುವ ಅಧಿಕಾರಿ), ಜೊತೆಗೆ ಕಾರ್ಖಾನೆ ಸುರಕ್ಷತಾ ಇಲಾಖೆ. ಕಥೆ ನಡೆಯುವ ಕಡೆ ಇರುವ ಕ್ರಮವನ್ನೇ ಹಿಡಿಯಿರಿ.

ಶಿಫ್ಟ್ ರಿಜಿಸ್ಟರಿನಲ್ಲಿ ಪೂರ್ಣ ವಾಕ್ಯಗಳಿರುವುದಿಲ್ಲ. "1.52 ಅಲಾರಂ ರೂಂ 3. ನೋಡಿದೆ. ಯಾರೂ ಇಲ್ಲ. ರೀಸೆಟ್." ಅಷ್ಟೇ. ಕಂಪನಿಯ ವರದಿಯಲ್ಲಿ ಕರ್ತೃವೇ ಇರುವುದಿಲ್ಲ: "ಬಾಗಿಲನ್ನು ಪರಿಶೀಲಿಸಲಾಯಿತು, ಕ್ರಮ ಕೈಗೊಳ್ಳಲಾಯಿತು." ಪೊಲೀಸ್ ಹೇಳಿಕೆಯನ್ನು ಬರೆದುಕೊಂಡವರು ಬೇರೆಯವರು, ಹಾಗಾಗಿ ಗಾರ್ಡ್ ಆಡಿದ ಮಾತೂ ಅಲ್ಲಿ ಸರ್ಕಾರಿ ಕನ್ನಡವಾಗಿ ಬಂದಿರುತ್ತದೆ. ಅದೇ ಗಾರ್ಡ್ ವರದಿಗಾರನ ಜೊತೆ ನೇರವಾಗಿ ಮಾತನಾಡುವಾಗ ಆಡುಮಾತು ಬರಲಿ. ಎಲ್ಲ ದಾಖಲೆಗಳೂ ಒಂದೇ ದನಿಯಲ್ಲಿದ್ದರೆ ಕಥೆ ಅಲ್ಲಿಗೆ ಮುಗಿಯಿತು.

ಯಂತ್ರದ ದಾಖಲೆಗಳಿಗೆ ಅವುಗಳದೇ ಕುರುಡುತನ ಇದೆ, ಅದನ್ನು ಬಳಸಿ. ತಾಪಮಾನದ ಲಾಗರ್ 10 ನಿಮಿಷಕ್ಕೊಮ್ಮೆ ಬರೆದುಕೊಳ್ಳುವಂತೆ ಇಟ್ಟಿದ್ದರೆ 1.50 ಮತ್ತು 2.00ರ ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ಸುಮ್ಮನೆ ಕೂತ ಮನುಷ್ಯನ ಮೈ ಹೊರಬಿಡುವ ಶಾಖ ಸುಮಾರು 100 ವ್ಯಾಟ್. ದೊಡ್ಡ ಗೋದಾಮಿನ ಲಾಗರ್‌ನಲ್ಲಿ ಅದು ಕಾಣುವುದೇ ಇಲ್ಲ. "ಯಾರೂ ಇಲ್ಲದ ಕೋಣೆಯ ತಾಪಮಾನ ಏರಿತು" ಎಂದು ಬರೆದರೆ ರೆಫ್ರಿಜರೇಶನ್ ಗೊತ್ತಿರುವ ಓದುಗ ನಗುತ್ತಾನೆ, ಏಕೆಂದರೆ ಡಿಫ್ರಾಸ್ಟ್ ಆದಾಗಲೆಲ್ಲ ಅದು ಏರುತ್ತದೆ. ಸಿಸಿಟಿವಿಯಲ್ಲಿ ಧ್ವನಿ ಬಹಳ ಕಡೆ ಇರುವುದಿಲ್ಲ. ಡಿಸ್ಕ್ ತುಂಬಿದ ಮೇಲೆ ಡಿವಿಆರ್ (ಕ್ಯಾಮರಾ ಚಿತ್ರಣವನ್ನು ಉಳಿಸಿಡುವ ಪೆಟ್ಟಿಗೆ) ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ, ಹಾಗಾಗಿ ವರದಿಗಾರ ತಿಂಗಳುಗಳ ನಂತರ ಕೇಳಿದಾಗ ಚಿತ್ರಣ ಸಿಗದಿರುವುದು ಸಂಚಲ್ಲ, ದಿನನಿತ್ಯದ ಸಂಗತಿ. ಕ್ಯಾಮರಾದ ಇನ್‌ಫ್ರಾರೆಡ್ ದೀಪದ ಮುಂದೆ ಜೇಡರ ಬಲೆ ಇದ್ದರೆ ರಾತ್ರಿ ಬಿಳಿ ಗೆರೆಗಳು ಓಲಾಡುತ್ತವೆ. ಚಲನೆ ಹಿಡಿದು ಹೊತ್ತಿಕೊಳ್ಳುವ ದೀಪಗಳ ಪಿಐಆರ್ ಸೆನ್ಸರ್ ಗುರುತಿಸುವುದು ಶಾಖದ ಬದಲಾವಣೆಯನ್ನು, ಆದ್ದರಿಂದ ಬಾಗಿಲಿನಿಂದ ನುಗ್ಗಿದ ಬೆಚ್ಚನೆ ಗಾಳಿಗೂ ಅದು ಮೋಸಹೋಗಬಹುದು. ಇವನ್ನು ಗೊತ್ತಿದ್ದೂ ಬರೆಯದ ವರದಿಗಾರ ಓದುಗನ ಕಣ್ಣಲ್ಲಿ ಸುಳ್ಳುಗಾರ.

ಸಹಜ ಕಾರಣಗಳೇ ಬಂಡವಾಳ

ನಿಜ ಜಗತ್ತಿನಲ್ಲಿ ಕೆಲಸದ ಜಾಗದ "ದೆವ್ವ"ಗಳಿಗೆ ಉತ್ತರ ಸಿಕ್ಕ ಪ್ರಕರಣಗಳಿವೆ. ಅವುಗಳ ವಿಧಾನವನ್ನು ಕಲಿಯಿರಿ. ಬ್ರಿಟನ್ನಿನ ಕೊವೆಂಟ್ರಿಯಲ್ಲಿ ಎಂಜಿನಿಯರ್ ವಿಕ್ ಟ್ಯಾಂಡಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಜನರಿಗೆ ಚಳಿ, ದಿಗಿಲು ಆಗುತ್ತಿತ್ತು. ಅವರಿಗೇ ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿಯೊಂದು ಕಂಡಿತ್ತು. ಮರುದಿನ ಕತ್ತಿವರಸೆಯ ಖಡ್ಗದ ಅಲಗನ್ನು ವೈಸ್‌ಗೆ ಬಿಗಿದಿಟ್ಟಾಗ ಅದು ತಾನಾಗಿ ಕಂಪಿಸಿತು. ಹುಡುಕಿದಾಗ ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್ ಸುಮಾರು 19 ಹರ್ಟ್ಜ್‌ನ, ಕಿವಿಗೆ ಕೇಳದ ಅಲೆಯನ್ನು ಹುಟ್ಟಿಸುತ್ತಿತ್ತು. 1998ರಲ್ಲಿ ಟೋನಿ ಲಾರೆನ್ಸ್ ಜೊತೆ ಅವರು ಇದನ್ನು ಪ್ರಕಟಿಸಿದರು. ಇಂಥ ಅಲೆ ಎಲ್ಲ ಕಡೆಯೂ ದೆವ್ವ ತೋರಿಸುತ್ತದೆ ಎಂದಲ್ಲ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಕಥೆಗಾರನಿಗೆ ಬೇಕಾದದ್ದು ಆ ಖಡ್ಗದ ಅಲಗು. ಕೆಲಸದ ಮೇಜಿನ ಮೇಲಿನ ವಸ್ತುವೊಂದು ಸಾಕ್ಷಿಯಾಯಿತು.

ಅದಕ್ಕೂ ಹಿಂದೆ, 1921ರಲ್ಲಿ, ವಿಲಿಯಂ ವಿಲ್ಮರ್ ಎಂಬ ಅಮೆರಿಕದ ನೇತ್ರವೈದ್ಯರು ಒಂದು ಮನೆಯ ಪ್ರಕರಣ ದಾಖಲಿಸಿದರು. ಹೆಜ್ಜೆ ಸದ್ದು, ಆಕೃತಿಗಳು, ತಲೆನೋವು, ಬಾಡುತ್ತಿದ್ದ ಗಿಡಗಳು. ಕಾರಣ ಕೆಟ್ಟ ಕುಲುಮೆಯಿಂದ ಸೋರುತ್ತಿದ್ದ ಕಾರ್ಬನ್ ಮಾನಾಕ್ಸೈಡ್. ಗೋದಾಮಿನಲ್ಲಿ ಎಲ್‌ಪಿಜಿ ಫೋರ್ಕ್‌ಲಿಫ್ಟ್ ಓಡುತ್ತಿದ್ದರೆ ನಿಮ್ಮ ವರದಿಗಾರ ಈ ಅನಿಲದ ಬಗ್ಗೆ ಕೇಳಲೇಬೇಕು. ಬ್ಯಾಟರಿ ಫೋರ್ಕ್‌ಲಿಫ್ಟ್ ಮಾತ್ರ ಇದ್ದರೆ ಆ ಅನುಮಾನ ಅಲ್ಲಿಗೇ ಮುಗಿಯಿತು, ಒಂದು ವಾಕ್ಯ ಸಾಕು. ಕೋಣೆ ತಣ್ಣಗಿಡಲು ಬಳಸುವ ಅಮೋನಿಯಾ ಅನಿಲದ ಸೋರಿಕೆಯೂ ಹಾಗೆಯೇ. ಕೆಲವೇ ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ) ಇದ್ದರೂ ಮೂಗಿಗೆ ಬಡಿಯುತ್ತದೆ, 300 ಪಿಪಿಎಂ ಎಂದರೆ ಜೀವಕ್ಕೆ ತಕ್ಷಣದ ಅಪಾಯದ ಮಟ್ಟ. ಗಾರ್ಡ್‌ಗೆ ವಾಸನೆ ಬಂದಿಲ್ಲ ಎಂದಾದರೆ ಅದೂ ಮುಗಿಯಿತು.

ನಿದ್ದೆಯನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳಗಿನ ಜಾವ ಮೂರರಿಂದ ಐದರ ಹೊತ್ತಿಗೆ ದೇಹದ ಎಚ್ಚರ ತಳ ಮುಟ್ಟಿರುತ್ತದೆ. ಕೆಲವು ಸೆಕೆಂಡುಗಳ ಕಿರುನಿದ್ದೆ ಕಣ್ಣು ತೆರೆದಿದ್ದಾಗಲೇ ಬಂದು ಹೋಗುತ್ತದೆ. ಹಾಗೆ ಬಂದು ಹೋದದ್ದು ಅನುಭವಿಸಿದವರಿಗೇ ತಿಳಿಯದಿರಬಹುದು. ಇದು ಗಾರ್ಡ್ ಹೇಳಿಕೆಯನ್ನು ಅಲ್ಲಾಡಿಸುತ್ತದೆ, ಅಲಾರಂ ಪ್ಯಾನೆಲ್‌ನ ದಾಖಲೆಯನ್ನು ಅಲ್ಲಾಡಿಸಲಾರದು. ಮನುಷ್ಯರ ಸಾಕ್ಷ್ಯ ಒಂದೊಂದಾಗಿ ಬೀಳಲಿ. ಯಂತ್ರದ್ದು ಉಳಿಯಲಿ.

ಶವದ ಬಗ್ಗೆ

ಇಲ್ಲಿ ತಪ್ಪಿದರೆ ಕ್ರೈಂ ಓದುವವರು ತಕ್ಷಣ ಹಿಡಿಯುತ್ತಾರೆ. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಶವದ ಬಿಗಿತ ಎರಡರಿಂದ ನಾಲ್ಕು ಗಂಟೆಯೊಳಗೆ ದವಡೆ, ಮುಖದಲ್ಲಿ ಮೊದಲು ಗೊತ್ತಾಗುತ್ತದೆ, ಸುಮಾರು ಹನ್ನೆರಡು ಗಂಟೆಗೆ ಇಡೀ ಮೈಗೆ ಹರಡುತ್ತದೆ. ರಕ್ತ ಕೆಳಭಾಗಕ್ಕೆ ಇಳಿದು ಮೂಡುವ ಕಲೆ ಎಂಟು ಹತ್ತು ಗಂಟೆಗಳ ನಂತರ ಜಾಗ ಬದಲಿಸುವುದಿಲ್ಲ. ಮೈನಸ್ 18ರಲ್ಲಿ ಈ ಲೆಕ್ಕಗಳು ಕೈಕೊಡುತ್ತವೆ. ಬಿಗಿತ ತಡವಾಗುತ್ತದೆ, ಜೊತೆಗೆ ಚಳಿಯಿಂದಲೇ ಮಾಂಸ, ಕೊಬ್ಬು ಗಟ್ಟಿಯಾಗಿ ಬಿಗಿತದಂತೆ ಕಾಣುತ್ತದೆ. ಹಾಗಾಗಿ ವೈದ್ಯರು ಸಾವಿನ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಳಿದರು ಎಂದು ಎಂದಿಗೂ ಬರೆಯಬೇಡಿ. "ರಾತ್ರಿ ಒಂದರಿಂದ ಐದರ ನಡುವೆ" ಎಂಬ ಅಗಲವಾದ ಕಿಟಕಿ ಕೊಡಿ. ಗಮನಿಸಿ, ಆ ಕಿಟಕಿಯೊಳಗೆ 1.52 ಕೂಡ ಇದೆ. ವರದಿಗಾರ ಅದನ್ನು ಹೇಳಬಾರದು.

ಬಾಗಿಲು ಅಂಟಿಕೊಂಡದ್ದನ್ನೇ ಸಾವಿಗೆ ಕಾರಣ ಮಾಡಬೇಡಿ. ಒತ್ತಡದ ವ್ಯತ್ಯಾಸ ಸೀಲಿನ ಸಂದುಗಳಿಂದ ಸೋರಿ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ, ಗಂಟೆಗಟ್ಟಲೆ ಹಿಡಿದಿಡುವುದಿಲ್ಲ. ಕಂಪನಿಯ ವರದಿ ಅದನ್ನೇ ಕಾರಣವೆಂದು ಬರೆದಿರಲಿ, ಸುರಕ್ಷತಾ ಇಲಾಖೆಯ ಎಂಜಿನಿಯರ್ ಒಂದೇ ಸಾಲಿನಲ್ಲಿ ಅದನ್ನು ತಳ್ಳಿಹಾಕಲಿ. ಇಂಥ ಸಣ್ಣ ಜಗಳ ಕಥೆಗೆ ನಿಜದ ಬಣ್ಣ ಕೊಡುತ್ತದೆ.

ವಾಕ್ಯದ ಹದ

ಟಿವಿ ಕ್ರೈಂ ಕಾರ್ಯಕ್ರಮಗಳ ದನಿ ಕಿವಿಯಲ್ಲಿ ಕೂತಿರುತ್ತದೆ. "ಅಷ್ಟಕ್ಕೂ ಆ ರಾತ್ರಿ ಅಲ್ಲಿ ನಡೆದದ್ದಾದರೂ ಏನು?" ಇದನ್ನು ಕಿತ್ತೆಸೆಯದೆ ಕೆಲಸ ಆಗುವುದಿಲ್ಲ. ನಿಗೂಢ, ಭೀಕರ, ವಿಚಿತ್ರ, ಬೆಚ್ಚಿಬೀಳಿಸುವ, ಎದೆ ಝಲ್ಲೆನಿಸುವ ಇವುಗಳಲ್ಲಿ ಒಂದೂ ವರದಿಗಾರನ ಬಾಯಲ್ಲಿ ಬರಕೂಡದು. ಪ್ರಶ್ನಾರ್ಥಕ ಚಿಹ್ನೆಯನ್ನೂ ಸಂದರ್ಶನದೊಳಗಷ್ಟೇ ಬಳಸಿ.

ಪ್ರತಿ ಸಂಗತಿಗೂ ಹೇಳಿದವರು ಯಾರು ಎನ್ನುವುದು ಅಂಟಿಕೊಂಡಿರಬೇಕು. "ಬಾಗಿಲು ತಾನಾಗಿ ತೆರೆದುಕೊಂಡಿತು" ಕಥೆ. "ಬಾಗಿಲು ತೆರೆದಿರುವುದನ್ನು ಕಂಡಿದ್ದಾಗಿ ಗಾರ್ಡ್ ಹೇಳಿಕೆ ನೀಡಿದ್ದಾರೆ" ವರದಿ. ಹಾಗೆಂದು ಎಲ್ಲ ವಾಕ್ಯವೂ "ತಿಳಿಸಿದ್ದಾರೆ" ಎಂದೇ ಮುಗಿದರೆ ಓದಲಾಗುವುದಿಲ್ಲ, ಪ್ಯಾರಾಕ್ಕೊಂದು ಸಾಕು. "ಹೋದರಂತೆ, ಕೇಳಿಸಿತಂತೆ" ವರದಿಗಾರನದ್ದಲ್ಲ, ಕ್ಯಾಂಟೀನಿನಲ್ಲಿ ಸಿಗುವ ಸಹೋದ್ಯೋಗಿಯದು. ಅಲ್ಲಿ ಧಾರಾಳವಾಗಿ ಬಳಸಿ. ದೆವ್ವ ಎಂಬ ಮಾತು ಕಥೆಯಲ್ಲಿ ಒಮ್ಮೆ ಬರುವುದಾದರೆ ಅವರ ಬಾಯಲ್ಲೇ ಬರಲಿ, ತಮಾಷೆಯ ದನಿಯಲ್ಲಿ.

ಗಾರ್ಡ್ ಎರಡು ಸಲ ಮಾತನಾಡುತ್ತಾರೆ. ಮೊದಲ ಹೇಳಿಕೆಯಲ್ಲಿ "ಒಳಗೆ ಯಾರೋ ಇದ್ದಾರೆ ಅಂದುಕೊಂಡೆ" ಎನ್ನಲಿ. ತಿಂಗಳುಗಳ ನಂತರ ವರದಿಗಾರನ ಎದುರು "ಏನೋ ಇತ್ತು ಅಂದುಕೊಂಡೆ" ಎನ್ನಲಿ. ವರದಿಗಾರ ಎರಡನ್ನೂ ಹಾಗೆಯೇ ಉದ್ಧರಿಸಿ ಮುಂದೆ ಹೋಗಲಿ. ವ್ಯಾಖ್ಯಾನ ಒಂದಕ್ಷರವೂ ಬೇಡ.

ಸತ್ತವರನ್ನು ಮೊದಲಿನಿಂದ ಕೊನೆಯವರೆಗೆ ಬಹುವಚನದಲ್ಲೇ ಬರೆಯಿರಿ. ಅವರಿಗೊಂದು ಬದುಕು ಕೊಡಿ, ಆದರೆ ಎರಡು ಮೂರು ವಿವರಕ್ಕಿಂತ ಹೆಚ್ಚು ಬೇಡ: ಪಾಳಿ ಬದಲಿಸಿಕೊಂಡದ್ದು, ಕೈಗವಸು ಚಿಕ್ಕದೆಂದು ದೂರು ಬರೆದದ್ದು.

ಮುಗಿಸುವುದು, ಮುಚ್ಚಿಡದಿರುವುದು

ವರದಿಗಾರನೇ ಕೊನೆಗೆ ಆ ಕೋಣೆಯಲ್ಲಿ ಸಿಕ್ಕಿಕೊಳ್ಳುವುದು, ಟೇಪಿನ ಕೊನೆಯಲ್ಲಿ ಮೂರನೇ ದನಿ ಕೇಳುವುದು, ಇವೆರಡೂ ಸವೆದುಹೋದ ಅಂತ್ಯಗಳು. ವರದಿ ಮುಗಿಯುವುದು ಪ್ರಕರಣದ ಸ್ಥಿತಿಯಿಂದ: ತನಿಖೆ ಮುಕ್ತಾಯ, ಪರಿಹಾರದ ದಾವೆ ಬಾಕಿ, ಸ್ವಿಚ್ ಬದಲಿಸಲಾಗಿದೆ, ಮೂರನೇ ಕೋಣೆ ಬಳಕೆಯಲ್ಲಿದೆ. ಕಂಪನಿಯ ಪ್ರತಿಕ್ರಿಯೆ ಕೇಳಲಾಗಿತ್ತು ಎಂಬ ಸಾಲೂ ಇರಲಿ.

ವೇಷ ಚೆನ್ನಾಗಿ ಕೂತಷ್ಟೂ ಜವಾಬ್ದಾರಿ ಹೆಚ್ಚು. ಇತ್ತೀಚಿನ ನಿಜವಾದ ಅಪಘಾತವನ್ನು ಹೆಸರು ಬದಲಿಸಿ ಬಳಸಬೇಡಿ, ಕುಟುಂಬದವರು ಗುರುತಿಸುತ್ತಾರೆ. ಕಂಪನಿಗೆ ಹೆಸರಿಡುವ ಮೊದಲು ಆ ಹೆಸರಿನ ಸಂಸ್ಥೆ ಇದೆಯೇ ಎಂದು ಹುಡುಕಿ ನೋಡಿ. ಹೆಸರೇ ಇಡದೆ "ಸಂಸ್ಥೆ" ಎನ್ನುವುದು ಇನ್ನೂ ಸುಲಭ, ವರದಿಗಳಲ್ಲಿ ಅದು ಸಹಜವೂ ಹೌದು. ನಿಜವಾದ ಪತ್ರಿಕೆ, ಠಾಣೆ, ಅಧಿಕಾರಿಯ ಹೆಸರಿನ ಕೆಳಗೆ ಸುಳ್ಳು ಕಾಗದ ಸೃಷ್ಟಿಸುವುದು ಮಾನನಷ್ಟಕ್ಕೂ ಅದಕ್ಕಿಂತ ದೊಡ್ಡ ತೊಂದರೆಗೂ ದಾರಿ. ಸಾವು ಆತ್ಮಹತ್ಯೆಯೆಂಬ ಅನುಮಾನ ಕಥೆಯಲ್ಲಿ ಬಂದರೆ ವಿಧಾನದ ವಿವರ ಬೇಡ, ನಿಜ ವರದಿಗಾರಿಕೆಗೂ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಅದೇ.

"ಇದು ಕಾಲ್ಪನಿಕ" ಎಂದು ಎಲ್ಲಿ ಬರೆಯುವುದು ಎನ್ನುವುದರಲ್ಲಿ ಜಾಣತನ ಬೇಕು. ಕೊನೆಯಲ್ಲಿ ಒಂದು ಸಾಲು ಹಾಕಿ ಬಿಟ್ಟರೆ ಮೊದಲ ಎರಡು ಪ್ಯಾರಾಗಳ ಸ್ಕ್ರೀನ್‌ಶಾಟ್ ಆ ಸಾಲಿಲ್ಲದೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಶೀರ್ಷಿಕೆಯ ಕೆಳಗೇ "ಕಥೆ" ಎಂದು ಹಾಕಿ. ದಾಖಲೆಯಂತೆ ಕಾಣುವ ಚಿತ್ರ ಮಾಡಿದ್ದರೆ ಆ ಚಿತ್ರದ ಒಳಗೇ, ಕತ್ತರಿಸಿ ತೆಗೆಯಲಾಗದ ಜಾಗದಲ್ಲಿ, ಅದೇ ಪದ ಬರಲಿ. ಇದರಿಂದ ಭಯ ಕಡಿಮೆಯಾಗುತ್ತದೆಂಬ ಅಂಜಿಕೆ ಬೇಡ. ಗಂಟೆಪಟ್ಟಿ ಗಟ್ಟಿಯಾಗಿದ್ದರೆ ಕಥೆ ಎಂದು ಗೊತ್ತಿದ್ದ ಓದುಗನೂ 28 ನಿಮಿಷಗಳನ್ನು ಬೆರಳಲ್ಲಿ ಎಣಿಸುತ್ತಾನೆ.